ವರದಿಯಲ್ಲಿ ಸೀಸ ‘ಬಿಡಿಎಲ್’ (ಪತ್ತೆ ಮಿತಿಗಿಂತ ಕೆಳಗೆ) ಅಂತ ಬಂದಿದೆ, ಹೊಳೆ ಮಾನದಂಡದೊಳಗಿದೆ ಅಂತ ಬರೀಬಹುದಾ?

ಹುಲಿಗಿ_ದಂಡೆ:

ತುಂಗಭದ್ರಾ ಹೊಳೆಯಲ್ಲಿ ಹುಲಿಗಿಯಿಂದ ಕಂಪ್ಲಿವರೆಗೆ ಐದು ಕಡೆ ನೀರು ತೆಗೆಸಿ ಭಾರಲೋಹ ಪರೀಕ್ಷೆಗೆ ಕೊಟ್ಟಿದ್ವಿ. ಸೀಸ, ಕ್ಯಾಡ್ಮಿಯಂ ಐದೂ ಕಡೆ ‘ಬಿಡಿಎಲ್’. ಕೆಳಗೆ ಸಣ್ಣ ಅಕ್ಷರದಲ್ಲಿ ಪತ್ತೆ ಮಿತಿ ಕೊಟ್ಟಿದ್ದಾರೆ: ಸೀಸ 0.05, ಕ್ಯಾಡ್ಮಿಯಂ 0.01 ಮಿ.ಗ್ರಾಂ/ಲೀ., ವಿಧಾನ ಫ್ಲೇಮ್ ಎಎಎಸ್ (ಜ್ವಾಲೆ ಬಳಸಿ ಲೋಹ ಅಳೆಯೋದು). ಕಬ್ಬಿಣ, ಮ್ಯಾಂಗನೀಸ್ ಮಾತ್ರ ಜಾಸ್ತಿ ಬಂದಿವೆ. ಇದನ್ನ ಯಾವ ಮಾನದಂಡಕ್ಕೆ ಹೋಲಿಸಬೇಕು? ಸಿಪಿಸಿಬಿಯ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ‘ಸಿ’ ದರ್ಜೆ ಪಟ್ಟಿಯಲ್ಲಿ ಸೀಸವೇ ಕಾಣ್ತಿಲ್ಲ. ಮುಂದಿನ ಸುತ್ತಿಗೆ ನೀರು ತೆಗೆಯೋ ಕ್ರಮ ಹೇಗಿರಬೇಕು ಅನ್ನೋದನ್ನೂ ತಿಳಿದವರು ಹೇಳ್ರಿ.

ಅನಲಿಸ್ಟ್_ಬಳ್ಳಾರಿ:

ಬರೀಬೇಡ್ರಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500:2012ರ ಪ್ರಕಾರ ಸೀಸದ ಮಿತಿ 0.01, ಕ್ಯಾಡ್ಮಿಯಂ 0.003 ಮಿ.ಗ್ರಾಂ/ಲೀ. ನಿಮ್ಮ ಲ್ಯಾಬಿನ ಉಪಕರಣಕ್ಕೆ 0.05ಕ್ಕಿಂತ ಕೆಳಗೆ ಸೀಸ ಕಾಣೋದೇ ಇಲ್ಲ. ಅಂದ್ರೆ ಹೊಳೆಯಲ್ಲಿ ಮಿತಿಯ ನಾಲ್ಕು ಪಟ್ಟು ಸೀಸ ಇದ್ದರೂ ಆ ವರದಿ ‘ಬಿಡಿಎಲ್’ ಅಂತಲೇ ಬರ್ತಿತ್ತು. ಕ್ಯಾಡ್ಮಿಯಂ ಕಥೆಯೂ ಅದೇ. ಟೇಬಲ್‌ನಲ್ಲಿ ‘<0.05’ ಅಂತ ಹಾಕಿ, ಪಕ್ಕದಲ್ಲಿ ‘ಈ ವಿಧಾನದಿಂದ ತೀರ್ಮಾನ ಸಾಧ್ಯವಿಲ್ಲ’ ಅಂತ ಬರೀರಿ. ಸೊನ್ನೆ ಹಾಕಿ ಸರಾಸರಿ ತೆಗೆದರಂತೂ ಪೂರಾ ತಪ್ಪು.

ಮುಂದಿನ ಸಲ ಗ್ರಾಫೈಟ್ ಫರ್ನೇಸ್ ಅಥವಾ ಐಸಿಪಿ-ಎಂಎಸ್ (ಇನ್ನೂ ಕಡಿಮೆ ಪ್ರಮಾಣ ಹಿಡಿಯೋ ಉಪಕರಣಗಳು) ಇರೋ ಕಡೆ ಕೊಡ್ರಿ. ಐಸಿಪಿ-ಒಇಎಸ್ ಅನ್ನೋ ಉಪಕರಣ ಸೀಸದ ಮಿತಿಯ ಅಂಚಿನಲ್ಲೇ ನಿಲ್ಲುತ್ತೆ. ಪರಿಮಾಣ ಮಿತಿ (ನಂಬಬಹುದಾದ ಅಂಕಿ ಕೊಡಬಲ್ಲ ಕನಿಷ್ಠ ಪ್ರಮಾಣ), ಅಂದ್ರೆ ಎಲ್‌ಒಕ್ಯೂ, ಮಾನದಂಡದ ಹತ್ತನೇ ಒಂದು ಭಾಗ ಇದ್ದರೆ ಚೆನ್ನ. ಮೂರನೇ ಒಂದು ಭಾಗಕ್ಕಿಂತ ಮೇಲಿದ್ದರೆ ದುಡ್ಡು ದಂಡ. ಎನ್‌ಎಬಿಎಲ್ (ಲ್ಯಾಬ್ ಮಾನ್ಯತಾ ಮಂಡಳಿ) ಮಾನ್ಯತೆ ಇದೆ ಅಂದ ಕೂಡಲೇ ಒಪ್ಪಬೇಡ್ರಿ. ಸ್ಕೋಪ್ (ಮಾನ್ಯತೆ ಇರೋ ಪರೀಕ್ಷೆಗಳ ಪಟ್ಟಿ) ತರಿಸಿ ನೋಡ್ರಿ: ಅದೇ ಲೋಹ, ಮೇಲ್ಮೈ ನೀರು, ಎಷ್ಟರಿಂದ ಎಷ್ಟರವರೆಗೆ. ಸ್ಕೋಪ್ 0.05ರಿಂದ ಶುರುವಾಗಿದ್ದರೆ ನಿಮಗೆ ಉಪಯೋಗ ಇಲ್ಲ.

ಮಾನದಂಡದ ವಿಷಯ. ಸಿಪಿಸಿಬಿಯ ಎ-ಇ ದರ್ಜೆಗಳು ನೀರಿನ ಬಳಕೆ ಆಧರಿಸಿದವು. ‘ಸಿ’ ಅಂದ್ರೆ ಶುದ್ಧೀಕರಿಸಿ ಕುಡಿಯಲು ಬಳಸೋ ಮೂಲ. ಅದರಲ್ಲಿ ಇರೋದು ಪಿಎಚ್ 6-9, ಕರಗಿದ ಆಮ್ಲಜನಕ ಕನಿಷ್ಠ 4, ಬಿಒಡಿ (ಸಾವಯವ ಕೊಳೆ ಎಳೆದುಕೊಳ್ಳೋ ಆಮ್ಲಜನಕ) ಗರಿಷ್ಠ 3 ಮಿ.ಗ್ರಾಂ/ಲೀ. ಮತ್ತು ಕೋಲಿಫಾರ್ಮ್ ಬ್ಯಾಕ್ಟೀರಿಯಾ. ಭಾರಲೋಹ ಅದರಲ್ಲಿ ಇಲ್ಲವೇ ಇಲ್ಲ, ಹುಡುಕಿದರೂ ಸಿಗಲ್ಲ. ಲೋಹಗಳ ಅಂಕಿ ಬೇಕಾದರೆ ಹಳೆಯ ಐಎಸ್ 2296:1982 ನೋಡಬೇಕು: ‘ಸಿ’ ದರ್ಜೆಗೆ ಸೀಸ 0.1, ಕ್ಯಾಡ್ಮಿಯಂ 0.01, ಆರ್ಸೆನಿಕ್ 0.2. ಇಂದಿನ ಕುಡಿಯುವ ನೀರಿನ ಮಿತಿಗೆ ಹೋಲಿಸಿದರೆ ಸೀಸದಲ್ಲೇ ಹತ್ತು ಪಟ್ಟು ಸಡಿಲ. ಒಂದೇ ನೀರು ಒಂದು ಪಟ್ಟಿಯಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್ ಆಗೋದು ಹೀಗೆ. ಎರಡೂ ಕಾಲಂ ಹಾಕಿ, ಯಾವುದಕ್ಕೆ ಹೋಲಿಸಿದ್ದು ಅಂತ ಹೆಸರಿಡಿದು ಬರೀರಿ.

ಕಾರ್ಖಾನೆ ತ್ಯಾಜ್ಯದ ಮಿತಿಯನ್ನ ಹೊಳೆ ನೀರಿಗೆ ತಂದು ಹಚ್ಚೋರೂ ಇದ್ದಾರೆ. ಅದರಲ್ಲಿ ಕ್ಯಾಡ್ಮಿಯಂ 2 ಮಿ.ಗ್ರಾಂ/ಲೀ.! ಅದು ಪೈಪಿನ ಬಾಯಿಗೆ ಹಾಕಿದ ಮಿತಿ, ಹೊಳೆಗಲ್ಲ. ಮೀನಿನ ದೃಷ್ಟಿಯಿಂದ ನೋಡೋದಾದರೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಅಂಕಿ ಇನ್ನೂ ಬಿಗಿ: ನೀರಿನ ಗಡಸುತನ 100 ಮಿ.ಗ್ರಾಂ/ಲೀ. ಇದ್ದಾಗ ಕರಗಿದ ಸೀಸ ದೀರ್ಘಾವಧಿಗೆ 2.5 ಮೈಕ್ರೋಗ್ರಾಂ/ಲೀ. ಅದು ಗಡಸುತನದ ಮೇಲೆ ಬದಲಾಗೋದರಿಂದ ಪ್ರತಿ ಮಾದರಿಗೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾಡಿಸಲೇಬೇಕು.

ಹರಗೋಲು:

ಮೇಲಿನವರು ಲ್ಯಾಬಿನದು ಹೇಳಿದ್ರು, ನಾನು ದಂಡೆಯದು ಹೇಳ್ತೀನಿ. ಅರ್ಧ ತಪ್ಪು ಅಲ್ಲೇ ಆಗೋದು.

ಬಾಟಲಿ ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, 500 ಮಿ.ಲೀ. ಶೇ. 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಡಿಅಯಾನೈಸ್ಡ್ (ಲವಣ ತೆಗೆದ) ನೀರಲ್ಲಿ ಮೂರು ಸಲ ತೊಳೆದು, ಮುಚ್ಚಳ ಹಾಕಿ ಜಿಪ್ ಕವರಿನೊಳಗೆ ಕವರು, ಎರಡು ಪದರ. ಹೊಸಪೇಟೆ-ಕೊಪ್ಪಳ ರಸ್ತೆಯಲ್ಲಿ ಅದಿರಿನ ಕೆಂಪು ಧೂಳು ಮುಚ್ಚಳದ ಸುತ್ತ ಕೂರುತ್ತೆ. ತೆಗೆದಾಗ ಒಳಗೇ ಬೀಳುತ್ತೆ. ಅದಕ್ಕೆ ಇಬ್ಬರು ಬೇಕು: ಒಬ್ಬ ಹೊರ ಕವರ್ ಮುಟ್ಟಲಿ, ಇನ್ನೊಬ್ಬ ಪೌಡರ್ ಇಲ್ಲದ ನೈಟ್ರೈಲ್ ಗ್ಲೌಸ್ ಹಾಕ್ಕೊಂಡು ಬಾಟಲಿ ಮಾತ್ರ ಮುಟ್ಟಲಿ. ಪೌಡರ್ ಇರೋ ಗ್ಲೌಸಿನಿಂದ ಸತು ಬರುತ್ತೆ. ಜಿಂಕ್ ಹೊಯ್ದ ಬಕೆಟ್ ಬಳಸಿದರೂ ಅದೇ. ಸೇತುವೆ ಮೇಲಿಂದ ತೆಗೆಯೋದಾದರೆ ಪ್ಲಾಸ್ಟಿಕ್ ಬಕೆಟ್, ನೈಲಾನ್ ಹಗ್ಗ.

ಹರಗೋಲಿನಲ್ಲಿ ಹೋದರೆ ಅದು ತಿರುಗೋದು ನಿಂತ ಮೇಲೆ, ನೀರು ಬರೋ ದಿಕ್ಕಿನ ಕಡೆಯಿಂದ, 20-30 ಸೆಂ.ಮೀ. ಆಳದಲ್ಲಿ ಬಾಟಲಿ ತೆರೆದು ಅಲ್ಲೇ ಮುಚ್ಚಬೇಕು. ಮೇಲಿನ ತೆಟ್ಟೆ ಸೇರಬಾರದು, ತಳದ ರಾಡಿ ಏಳಬಾರದು. ಹಳ್ಳ ಬಂದು ಸೇರಿದ ಕೂಡಲೇ ಕೆಳಗೆ ಒಂದು ಬಾಟಲಿ ತುಂಬಿದರೆ ಆ ದಂಡೆಯ ನೀರಷ್ಟೇ ಸಿಗುತ್ತೆ. ಹಳ್ಳದ ನೀರು ತುಂಬಾ ದೂರ ಆ ಕಡೆಯ ದಂಡೆ ಹಿಡಿದೇ ಹರಿಯುತ್ತೆ. ಮೊದಲು ಇಸಿ ಮೀಟರ್ (ನೀರಿನ ವಿದ್ಯುತ್ ವಾಹಕತೆ ಅಳೆಯೋದು) ಹಿಡಿದು ಎಡ, ನಡು, ಬಲ ಅಳೀರಿ. ವ್ಯತ್ಯಾಸ ಶೇ. 5ರೊಳಗೆ ಇದ್ದರೆ ನಡುವಿನದೊಂದು ಸಾಕು, ಇಲ್ಲದಿದ್ದರೆ ಮೂರೂ ತೆಗೀರಿ.

ಸೋಸೋದು ಮೊದಲು, ಆಮ್ಲ ಆಮೇಲೆ. ಇದು ಹಿಂದೆಮುಂದೆ ಆದರೆ ಹೂಳಿನಲ್ಲಿದ್ದ ಲೋಹ ಆಮ್ಲದಲ್ಲಿ ಕರಗಿ ‘ಕರಗಿದ ಲೋಹ’ ಅಂತ ಲೆಕ್ಕಕ್ಕೆ ಬರುತ್ತೆ. ಎರಡು ಬಾಟಲಿ ಮಾಡಿಕೊಳ್ರಿ. ಒಂದು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಅಲ್ಲೇ ಸೋಸಿದ್ದು, ಮೊದಲ 20 ಮಿ.ಲೀ. ಚೆಲ್ಲಿ. ಇನ್ನೊಂದು ಸೋಸದ್ದು, ಒಟ್ಟು ಲೋಹಕ್ಕೆ. ಎರಡಕ್ಕೂ ಟ್ರೇಸ್ ಮೆಟಲ್ ದರ್ಜೆಯ ನೈಟ್ರಿಕ್ ಆಮ್ಲ ಲೀಟರಿಗೆ 2 ಮಿ.ಲೀ., ಪಿಎಚ್ 2ಕ್ಕಿಂತ ಕೆಳಗೆ ಬರಬೇಕು. ಪಿಎಚ್ ಕಾಗದವನ್ನ ಬಾಟಲಿಯಲ್ಲಿ ಅದ್ದಬಾರದು, ಎರಡು ಹನಿ ಕಾಗದದ ಮೇಲೆ ಹಾಕಿ ನೋಡಬೇಕು. ಆಮ್ಲ ಹಾಕದಿದ್ದರೆ ಸೀಸ ಬಾಟಲಿಯ ಗೋಡೆಗೆ ಅಂಟಿ ಕೂರುತ್ತೆ, ಲ್ಯಾಬಿಗೆ ಹೋಗೋದು ಬರೀ ನೀರು. ಆಮ್ಲ ಹಾಕಿದ್ದು ಆರು ತಿಂಗಳು ತಡೆಯುತ್ತೆ.

ಹುಲಿಗಿ_ದಂಡೆ:

ಸರ್, ಮಳೆಗಾಲದಲ್ಲಿ ಸಂಡೂರು ಕಡೆಯ ಹಳ್ಳಗಳ ನೀರು ಕುಂಕುಮದ ಹಾಗಿರುತ್ತೆ. ಸಿರಿಂಜ್ ಫಿಲ್ಟರ್ ಸ್ವಲ್ಪದರಲ್ಲೇ ಕಟ್ಟಿಕೊಳ್ಳುತ್ತೆ. ಒತ್ತಿ ಒತ್ತಿ ಇಳಿಸಬಹುದಾ?

ಹರಗೋಲು:

ಒತ್ತಬೇಡ್ರಿ. ಫಿಲ್ಟರ್ ಕಟ್ಟಿದಷ್ಟೂ ಅದರ ರಂಧ್ರ ಕಿರಿದಾಗುತ್ತೆ, ಮೊದಲು ದಾಟುತ್ತಿದ್ದ ಸಣ್ಣ ಕಬ್ಬಿಣದ ಕಣ ಆಮೇಲೆ ದಾಟಲ್ಲ. ಕರಗಿದ ಕಬ್ಬಿಣ ಕಡಿಮೆ ಅಂತ ತೋರಿಸುತ್ತೆ. ಒತ್ತಡ ಜಾಸ್ತಿಯಾದರೆ ಪೊರೆ ಹರಿದು ಉಲ್ಟಾನೂ ಆಗುತ್ತೆ. ಹನಿ ನಿಧಾನ ಆದ ಕೂಡಲೇ ಫಿಲ್ಟರ್ ಬದಲಿಸಿ, ಇಲ್ಲಾ ದೊಡ್ಡ ಕ್ಯಾಪ್ಸೂಲ್ ಫಿಲ್ಟರ್ ತನ್ನಿ. ಅಂಥ ನೀರಿಗೆ 50 ಮಿ.ಲೀ. ಸೋಸಿದ್ದು ಸಿಕ್ಕರೂ ಐಸಿಪಿ-ಎಂಎಸ್‌ಗೆ ಬೇಕಾದಷ್ಟಾಯ್ತು.

ಕಲ್ಲುಬಂಡೆ_ರಾಯಚೂರು:

ನೀರು ಮಾತ್ರ ನೋಡಿದರೆ ಅವತ್ತಿನದು ಅವತ್ತಿಗೆ. ಅಣೆಕಟ್ಟಿನ ಗೇಟು ತೆರೆದ ದಿನ ಒಂದು ಅಂಕಿ, ಏಪ್ರಿಲ್‌ನಲ್ಲಿ ಇನ್ನೊಂದು. ಭಾರಲೋಹ ಕೂರೋದು ಹೂಳಿನಲ್ಲಿ. ಅದೇ ಐದು ಕಡೆ ಹೂಳನ್ನೂ ತೆಗೀರಿ: ನೀರು ನಿಧಾನವಾಗೋ ಒಳತಿರುವಿನಲ್ಲಿ, ಮೇಲಿನ 5 ಸೆಂ.ಮೀ., ಪ್ಲಾಸ್ಟಿಕ್ ಸೌಟಿನಲ್ಲಿ. ಸ್ಟೀಲ್ ಆದರೆ ಕ್ರೋಮಿಯಂ, ನಿಕ್ಕಲ್ ಸೇರುತ್ತೆ. 63 ಮೈಕ್ರಾನ್ ನೈಲಾನ್ ಜರಡಿಯಲ್ಲಿ ನೀರು ಹಾಕಿ ಜಾಲಿಸಿ. ಕಾಲೇಜಿನಲ್ಲಿರೋ ಹಿತ್ತಾಳೆ ಜರಡಿ ಮುಟ್ಟಬೇಡಿ, ತಾಮ್ರ-ಸತು ಎರಡೂ ಕೆಡುತ್ತವೆ. 60 ಡಿಗ್ರಿ ದಾಟದಂತೆ ಒಣಗಿಸಿ. ಪಾದರಸಕ್ಕೆ ಬೇರೆ ಪಾಲು ಎತ್ತಿಟ್ಟು ನೆರಳಲ್ಲಿ ಆರಿಸಿ.

ಭಾರತದಲ್ಲಿ ಹೂಳಿಗೆ ಮಿತಿ ನಿಗದಿಯಾಗಿಲ್ಲ. 2000ದಲ್ಲಿ ಬಂದ ಮ್ಯಾಕ್‌ಡೊನಾಲ್ಡ್ ಅಂಕಿಗಳನ್ನ ಹಾಕೋದು ರೂಢಿ. ಸೀಸ 35.8 ಮಿ.ಗ್ರಾಂ/ಕೆ.ಜಿ.ಗಿಂತ ಕೆಳಗಿದ್ದರೆ ಜಲಜೀವಿಗಳಿಗೆ ತೊಂದರೆ ಅಪರೂಪ, 128ಕ್ಕಿಂತ ಮೇಲಿದ್ದರೆ ತೊಂದರೆ ಆಗೋ ಸಂಭವ ಹೆಚ್ಚು. ಕ್ಯಾಡ್ಮಿಯಂಗೆ ಆ ಎರಡು ಗೆರೆ 0.99 ಮತ್ತು 4.98, ಕ್ರೋಮಿಯಂಗೆ 43.4 ಮತ್ತು 111; ನಿಕ್ಕಲ್‌ಗೆ 22.7 ಮತ್ತು 48.6.

ಇಲ್ಲೇ ನಮ್ಮ ಸೀಮೆಯ ತೊಡಕು. ಸಂಡೂರು, ಹಟ್ಟಿ ಎರಡೂ ಧಾರವಾಡ ಶಿಸ್ಟ್ (ಪದರಗಲ್ಲು) ಪಟ್ಟಿಗಳು. ಹಳೆಯ ಲಾವಾ ಕಲ್ಲಿನಲ್ಲಿ ಕ್ರೋಮಿಯಂ, ನಿಕ್ಕಲ್ ಹುಟ್ಟಿನಿಂದಲೇ ಜಾಸ್ತಿ. ಹಟ್ಟಿಯ ಚಿನ್ನದ ಕಲ್ಲಿನ ಜೊತೆ ಆರ್ಸೆನೋಪೈರೈಟ್ ಖನಿಜ ಇರೋದರಿಂದ ಆರ್ಸೆನಿಕ್ಕೂ ಇರುತ್ತೆ. ನಿಕ್ಕಲ್ 48.6 ದಾಟಿತು ಅಂತ ಸೀದಾ ಕಾರ್ಖಾನೆ ಕಡೆ ಬೆರಳು ತೋರಿಸಿದರೆ ಎದುರಿನ ವಕೀಲ ಕಲ್ಲಿನ ನಕ್ಷೆ ತೆಗೆದಿಡ್ತಾನೆ. ಅದೇ ಕಲ್ಲಿನ ಮೇಲೆ ಹರಿಯೋ, ಗಣಿ-ಕಾರ್ಖಾನೆ ಇಲ್ಲದ ಹಳ್ಳದ ಹೂಳನ್ನ ಹಿನ್ನೆಲೆ ಅಂತ ತೆಗೆದುಕೊಳ್ಳಿ. ಪುಷ್ಟೀಕರಣ ಅಂಶ (ಹಿನ್ನೆಲೆಗಿಂತ ಲೋಹ ಎಷ್ಟು ಪಟ್ಟು ಹೆಚ್ಚಿದೆ ಅನ್ನೋದು) ಲೆಕ್ಕ ಹಾಕುವಾಗ ಹೆಚ್ಚಿನವರು ಕಬ್ಬಿಣದಿಂದ ಭಾಗಿಸ್ತಾರೆ. ಹೆಮಟೈಟ್ (ಕಬ್ಬಿಣದ ಅದಿರು) ಗುಡ್ಡದ ಬುಡದಲ್ಲಿ ಅದು ಆಗದ ಮಾತು, ಕಬ್ಬಿಣವೇ ಉಬ್ಬಿರೋದರಿಂದ ಉಳಿದೆಲ್ಲ ಲೋಹ ಕಡಿಮೆ ಕಾಣುತ್ತೆ. ಅಲ್ಯೂಮಿನಿಯಂನಿಂದ ಭಾಗಿಸಿ. ಹೂಳು ಕರಗಿಸೋ ಆಮ್ಲ ಮಿಶ್ರಣ ಆಕ್ವಾ ರೀಜಿಯಾ ಅಲ್ಯೂಮಿನಿಯಂ ಪೂರ್ತಿ ಕರಗಿಸಲ್ಲ, ಹಾಗಾಗಿ ಹಿನ್ನೆಲೆ ಮಾದರಿಗೂ ಅದೇ ಆಮ್ಲ, ಅದೇ ಹೊತ್ತು, ಅದೇ ಬಿಸಿ ಇರಲಿ.

ಮ್ಯಾಂಗನೀಸ್ ಬಗ್ಗೆ: ಹುಲಿಗಿ ಅಣೆಕಟ್ಟಿನ ಬುಡಕ್ಕೇ ಇದೆ. ಜಲಾಶಯದ ತಳದಲ್ಲಿ ಆಮ್ಲಜನಕ ಕಮ್ಮಿಯಾದರೆ ಹೂಳಿನ ಮ್ಯಾಂಗನೀಸ್ ಕರಗಿ, ತಳದ ತೂಬಿನಿಂದ ಬಿಟ್ಟ ನೀರಿನ ಜೊತೆ ಬರಬಹುದು. ಕೆಳಕ್ಕೆ ಹೋದಂತೆ ಕರಗಿದ ಮ್ಯಾಂಗನೀಸ್ ಇಳಿಯುತ್ತಾ ಹೋದರೆ ಮೂಲ ಜಲಾಶಯ ಅಂತ ಸಂಶಯಪಡಿ; ನಡುವೆ ಯಾವುದೋ ಹಳ್ಳದ ಕೆಳಗೆ ಏರಿದರೆ ಆ ಹಳ್ಳದ ಬೆನ್ನು ಹತ್ತಿ.

ಅನಲಿಸ್ಟ್_ಬಳ್ಳಾರಿ:

ಬಿಟ್ಟುಹೋದ ಎರಡು ಮಾತು. ಆರು ವೇಲೆನ್ಸಿಯ ಕ್ರೋಮಿಯಂ ಬೇಕಿದ್ದರೆ ಆ ಬಾಟಲಿಗೆ ಆಮ್ಲ ಹಾಕಲೇಬಾರದು, ಅದು ಮೂರು ವೇಲೆನ್ಸಿಗೆ ಇಳಿದುಬಿಡುತ್ತೆ. ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷೆ ಆಗಬೇಕು. ಜೀನ್ಸ್ ಬಣ್ಣದ ಘಟಕಗಳ ಕಡೆಯ ನೀರಿನಂತೆ ಉಪ್ಪು ಜಾಸ್ತಿ ಇರೋ ಮಾದರಿಯನ್ನ ಐಸಿಪಿ-ಎಂಎಸ್‌ಗೆ ಹಾಕಿದರೆ ಆರ್ಗಾನ್ ಮತ್ತು ಕ್ಲೋರಿನ್ ಸೇರಿ ದ್ರವ್ಯರಾಶಿ 75ರಲ್ಲಿ ಕೂತು ಆರ್ಸೆನಿಕ್ ಥರ ಕಾಣುತ್ತೆ. ಈ ಗೊಂದಲ ತಗ್ಗಿಸೋ ಹೀಲಿಯಂ ಕೊಲಿಷನ್ ಸೆಲ್‌ನಲ್ಲಿ ಓಡಿಸಿದ್ದಾರಾ ಅಂತ ಕೇಳಿ.

ಪ್ರತಿ ಹತ್ತು ಮಾದರಿಗೆ ಒಂದು ಫೀಲ್ಡ್ ಬ್ಲ್ಯಾಂಕ್, ಒಂದು ಜೋಡಿ ಮಾದರಿ (ಒಂದೇ ಜಾಗದಲ್ಲಿ ಎರಡು ಸಲ ತೆಗೆದದ್ದು) ಇಡಿ. ಬ್ಲ್ಯಾಂಕ್ ಅಂದ್ರೆ ಡಿಅಯಾನೈಸ್ಡ್ ನೀರನ್ನ ದಂಡೆಗೆ ಒಯ್ದು, ಅಲ್ಲೇ ಸೋಸಿ, ಅದೇ ಆಮ್ಲ ಹಾಕಿದ್ದು. ಅದರ ಮೇಲೆ ‘ಬ್ಲ್ಯಾಂಕ್’ ಅಂತ ಬರೆಯದೆ ಆರನೇ ಜಾಗದ ನಂಬರ್ ಹಾಕಿ ಕಳಿಸಿ. ಅದರಲ್ಲಿ ಸತು ಬಂದರೆ ಉಳಿದ ಐದರ ಸತುವನ್ನೂ ನಂಬೋ ಹಾಗಿಲ್ಲ.