ಸಹಾಯ ಬೇಕು: ನೀಲ್ ಫ್ರಾಂಕ್ಲಿನ್ ಬಗ್ಗೆ 1950ರ ಪತ್ರಿಕೆ ಪುಟಗಳು

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸ್ಟೋಕ್ ಸಿಟಿ ಫುಟ್ಬಾಲ್ ಕ್ಲಬ್‌ನ ಸೆಂಟರ್ ಹಾಫ್ (ರಕ್ಷಣೆಯ ನಡುವೆ ಆಡುವವರು) ನೀಲ್ ಫ್ರಾಂಕ್ಲಿನ್ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿ, ಅದರಲ್ಲೂ ಸ್ಟೋಕ್ ಅಥವಾ ಹಲ್ ಕಡೆ ಇರುವವರು ದಯವಿಟ್ಟು ಓದಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ ಸತತ 27 ಪಂದ್ಯ ಆಡಿದವರು ಇವರು. ಆಗಿನ ಡಿಫೆಂಡರ್‌ಗಳು ಚೆಂಡು ಸಿಕ್ಕರೆ ಸಾಕು, ಜೋರಾಗಿ ಒದ್ದು ದೂರ ಕಳಿಸುತ್ತಿದ್ದರು. ಫ್ರಾಂಕ್ಲಿನ್ ಹಾಗಲ್ಲ. ಕಾಲಲ್ಲಿ ಹಿಡಿದು, ತಲೆ ಎತ್ತಿ ನೋಡಿ, ತಮ್ಮವರಿಗೆ ನೀಟಾಗಿ ಪಾಸ್ ಕೊಡುತ್ತಿದ್ದರು.

ಆದರೆ ಆಗ ಇಂಗ್ಲೆಂಡಿನ ಕ್ಲಬ್‌ಗಳು ವಾರಕ್ಕೆ 12 ಪೌಂಡ್‌ಗಿಂತ ಜಾಸ್ತಿ ಸಂಬಳ ಕೊಡುವಂತಿರಲಿಲ್ಲ. ಹಾಗಾಗಿ 1950ರಲ್ಲಿ ವಿಶ್ವಕಪ್ ಬಿಟ್ಟು ಕೊಲಂಬಿಯಾದ ಸಾಂತಾ ಫೆ ಕ್ಲಬ್ ಸೇರಿದರು. ಅಲ್ಲಿನ ಲೀಗ್ ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾದಿಂದ ಹೊರಗಿತ್ತು. ಅಲ್ಲಿನ ರಾಜಧಾನಿ ಬೊಗೊಟಾದಲ್ಲಿ ಕರ್ಫ್ಯೂ, ಹೆಂಡತಿ ಗರ್ಭಿಣಿ. ಕೆಲವೇ ವಾರಗಳಲ್ಲಿ ವಾಪಸ್ ಬಂದರು. ಅಂಥ ಲೀಗ್‌ಗೆ ಹೋಗಿದ್ದಕ್ಕೆ ಊರಲ್ಲಿ ಕಾದಿದ್ದು ಸಸ್ಪೆನ್ಷನ್. 1951ರಲ್ಲಿ ಹಲ್ ಸಿಟಿ ಸೇರಿದರೂ ದೇಶದ ಪರ ಮತ್ತೆ ಆಡಲೇ ಇಲ್ಲ. ಇಂಥ ಆಟಗಾರನಿಗೆ ಇದು ಅನ್ಯಾಯ, ಅಲ್ವಾ?

ನನಗೆ ಬೇಕಿರುವುದು ಇಷ್ಟು: ಅಲ್ಲಿನ ಲೈಬ್ರರಿಯಲ್ಲಿ 1950ರ ಮೇಯಿಂದ ಸೆಪ್ಟೆಂಬರ್‌ವರೆಗಿನ ಸ್ಟೋಕ್‌ನ ‘ಈವನಿಂಗ್ ಸೆಂಟಿನೆಲ್’ ಪತ್ರಿಕೆಯಲ್ಲಿ ಇವರ ಸುದ್ದಿ ಇರುವ ಪುಟಗಳ ಫೋಟೊ. ಓದುಗರ ಪತ್ರಗಳು ಸಿಕ್ಕರೆ ಬಿಡಬೇಡಿ, ಊರಿನವರು ಏನಂದರು ಅನ್ನುವುದೇ ನನಗೆ ಮುಖ್ಯ. ಹಲ್ ಕಾಲದ ಹಳೇ ಮ್ಯಾಚ್ ಪ್ರೋಗ್ರಾಂ ಯಾರ ಹತ್ತಿರವಾದರೂ ಇದ್ದರೆ ಅದೂ ಆಗುತ್ತದೆ. ಪ್ರತಿ ತೆಗೆಸುವ ಖರ್ಚು ನಾನೇ ಕೊಡುತ್ತೇನೆ. ಇಲ್ಲೇ ಕಾಮೆಂಟ್ ಮಾಡಿ, ಮೆಸೇಜ್ ಮಾಡುತ್ತೇನೆ.