ಯುಪಿಐನಲ್ಲಿ ಮಗಳಿಗೆ ಹಣ ಹೋಗುತ್ತಿಲ್ಲ, ಅವಳ ಹೆಸರೇ ಬರುತ್ತಿಲ್ಲ

ಸೊಪ್ಪಿನಬೆಟ್ಟ, ಶಿರಸಿ
ನಾಲ್ಕು ದಿನಗಳಿಂದ ಒದ್ದಾಡಿ, ಇನ್ನು ಯಾರನ್ನು ಕೇಳಬೇಕೆಂದು ತೋಚದೆ ಇಲ್ಲಿ ಬರೆಯುತ್ತಿದ್ದೇನೆ. ಹೊರದೇಶದಲ್ಲಿ ಓದುತ್ತಿರುವ ಮಗಳಿಗೆ ಕೋಣೆಯ ಬಾಡಿಗೆ ಮತ್ತು ಊಟದ ಖರ್ಚಿಗೆ 50,000 ರೂಪಾಯಿ ಕಳಿಸಬೇಕು. ವಿಶ್ವವಿದ್ಯಾಲಯದ ಶುಲ್ಕದ ಒಂದು ಕಂತೂ ಬಾಕಿಯಿದೆ. ಚಾಲಿ ಅಡಿಕೆ ಮಾರಿದ ಹಣ ಖಾತೆಯಲ್ಲಿದೆ. ಗೊಬ್ಬರದ ಅಂಗಡಿಗೂ, ಮರ ಹತ್ತಿ ಕೊಳೆ ಔಷಧ ಹೊಡೆದ ಕೊನೆಗೌಡನಿಗೂ ಇದೇ ಆ್ಯಪ್‌ನಲ್ಲಿ ಹಣ ಕೊಡುತ್ತೇನೆ, ಒಂದು ದಿನವೂ ತಪ್ಪಿಲ್ಲ. ಮಗಳ ಸಂಖ್ಯೆ ಹಾಕಿದರೆ ಮಾತ್ರ ಅವಳ ಹೆಸರು ಬರುವುದಿಲ್ಲ, ಆ ಸಂಖ್ಯೆ ಯುಪಿಐನಲ್ಲಿ ಇಲ್ಲ ಎಂಬ ಒಂದು ಸಾಲು ಮೂಡಿ ಪರದೆ ಹಿಂದಕ್ಕೆ ಸರಿಯುತ್ತದೆ. ಮಳೆ ಹಿಡಿದ ಮೇಲೆ ನಮ್ಮಲ್ಲಿ ಸಿಗ್ನಲ್ ಬೇಕೆಂದರೆ ಮನೆಯ ಹಿಂದಿನ ಬೆಟ್ಟ ಹತ್ತಬೇಕು. ಕೊಡೆಯನ್ನು ಹೆಗಲಿಗೆ ಆನಿಸಿಕೊಂಡು, ಒದ್ದೆ ಹೆಬ್ಬೆರಳನ್ನು ಪಂಚೆಗೆ ಒರೆಸಿ ಒರೆಸಿ ಸಂಖ್ಯೆ ಒತ್ತುತ್ತೇನೆ. ಬಾಡಿಗೆ ಕಟ್ಟಲು ಅವಳಿಗೆ ಹತ್ತನೇ ತಾರೀಖಿನ ಗಡುವಿದೆ. ದಯವಿಟ್ಟು ದಾರಿ ತಿಳಿಸಿ.

ದೇವಿಮನೆ, ಕುಮಟಾ
ಇದು ಸಿಗ್ನಲ್‌ನದೇ ತೊಂದರೆ. ಯುಪಿಐ ನೋಂದಣಿಯಾಗುವಾಗ ನಿಮ್ಮ ಸಿಮ್‌ನಿಂದಲೇ ಒಂದು ಎಸ್ಎಂಎಸ್ ಹೋಗಬೇಕು. ಅದು ಅರ್ಧಕ್ಕೆ ನಿಂತಿದ್ದರೆ ಮುಂದಿನದೆಲ್ಲ ಕೆಡುತ್ತದೆ. ಘಟ್ಟದ ಕೆಳಗಿರುವ ನಮಗೂ ಇದೇ ಗೋಳು ಇದ್ದುದರಿಂದ ನಾನು ಎರಡು ಕಂಪನಿಗಳ ಸಿಮ್ ಹಾಕಿದ ಎರಡು ಫೋನ್ ಇಟ್ಟುಕೊಂಡು, ಬ್ಯಾಂಕಿನ ಕೆಲಸಕ್ಕೆ ಒಂದನ್ನೇ ಮೀಸಲಿಟ್ಟಿದ್ದೇನೆ. ಆ್ಯಪ್ ಅಳಿಸಿ, ಮತ್ತೆ ಹಾಕಿ ನೋಡಿ.

ಸೊಪ್ಪಿನಬೆಟ್ಟ, ಶಿರಸಿ
ನಿನ್ನೆ ಪೇಟೆಗೆ ಹೋಗಿ, ಸಿಗ್ನಲ್ ಪೂರ್ತಿಯಿರುವ ಐದು ರಸ್ತೆಯ ಹತ್ತಿರ ನಿಂತು ನೋಡಿದೆ. ಅಲ್ಲಿಯೂ ಅದೇ ಉತ್ತರ ಬಂತು. ಆದರೂ ನಿಮ್ಮ ಮಾತಿನಂತೆ ಆ್ಯಪ್ ಅಳಿಸಿ ಮತ್ತೆ ಹಾಕಿದೆ. ಈಗ ಹೊಸದಾಗಿ ನೋಂದಣಿಯಾಗಿರುವುದರಿಂದ ಮೊದಲ 24 ಗಂಟೆ 5,000 ರೂಪಾಯಿಗಿಂತ ಹೆಚ್ಚು ಕಳಿಸುವಂತಿಲ್ಲವಂತೆ. ಗೊಬ್ಬರದ ಅಂಗಡಿಗೂ ನಾಳೆ ಕೊಡುತ್ತೇನೆಂದು ಹೇಳಬೇಕಾಯಿತು.

ಬಂದರು ರಸ್ತೆ, ಭಟ್ಕಳ
ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಎಂಬುದನ್ನು ಚಾಲೂ ಮಾಡಿದ್ದೀರಾ? ದುಬೈಗೆ ಹೋಗಿದ್ದಾಗ ನಾನು ಅದನ್ನು ಚಾಲೂ ಮಾಡಿಯೇ ಅಂಗಡಿಯಲ್ಲಿ ಹಣ ಕೊಟ್ಟದ್ದು. ಅದೂ ಆಗದಿದ್ದರೆ, ಗಲ್ಫ್‌ನಿಂದ ನಮ್ಮೂರಿಗೆ ಹಣ ಬರುವ ಮನಿ ಟ್ರಾನ್ಸ್‌ಫರ್ ಕೌಂಟರ್‌ನಿಂದಲೇ ಅವಳಿಗೆ ಕಳಿಸಿಬಿಡಿ.

ಶರಾವತಿ ದಂಡೆ, ಹೊನ್ನಾವರ
ಹೇಗೆ ಕಳಿಸಿದರೂ 20% ಟಿಸಿಎಸ್, ಎಂದರೆ ಹಣ ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ, ಮೊದಲು ಅದನ್ನು ಯೋಚಿಸಿ. ನಮ್ಮ ನೆರೆಯವರಿಗೆ ಹಿಡಿದಿದ್ದಾರೆ.

ಕಾಳಿ ತೀರ, ಕಾರವಾರ
ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ಇಷ್ಟು ಜನ ಉತ್ತರಿಸಿದರೂ ಯಾರೂ ಕೇಳದ ಮಾತನ್ನು ಕೇಳುತ್ತೇನೆ: ಮಗಳು ಇರುವುದು ಯಾವ ದೇಶದಲ್ಲಿ, ನಿಮ್ಮ ಖಾತೆ ಇರುವುದು ಯಾವ ಬಗೆಯ ಬ್ಯಾಂಕಿನಲ್ಲಿ?

ಯುಪಿಐ ಇಂಟರ್‌ನ್ಯಾಷನಲ್ ಇರುವುದು ಪ್ರವಾಸಕ್ಕೆ ಹೋದವರು ಅಲ್ಲಿನ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಕೊಡುವುದಕ್ಕೆ. ಊರಿನಲ್ಲಿ ಕುಳಿತು ಒಬ್ಬರ ಖಾತೆಗೆ ಹಣ ಹಾಕುವುದು ಅದರಿಂದ ಆಗದು. ಮನಿ ಟ್ರಾನ್ಸ್‌ಫರ್ ಕೌಂಟರ್‌ಗಳು ನಡೆಯುವುದು ಎಂಟಿಎಸ್ಎಸ್ ಎಂಬ ಯೋಜನೆಯಡಿ, ಅದು ಭಾರತಕ್ಕೆ ಬರುವ ಹಣಕ್ಕೆ ಮಾತ್ರ. ಒಳಗೆ ಬರುವ ಬಾಗಿಲಿನಿಂದ ಹೊರಗೆ ಕಳಿಸಲು ರಿಸರ್ವ್ ಬ್ಯಾಂಕ್ ಬಿಟ್ಟಿಲ್ಲ.

ಸೊಪ್ಪಿನಬೆಟ್ಟ, ಶಿರಸಿ
ಸಿಂಗಪುರ. ಸಂಖ್ಯೆ 65ರಿಂದ ಶುರುವಾಗುವುದರಿಂದ ಆ್ಯಪ್‌ಗೇ ತಿಳಿಯುತ್ತದೆಂದು ನಾನು ಬರೆದಿರಲಿಲ್ಲ. ಆ್ಯಪ್‌ಗೆ ಜೋಡಿಸಿರುವುದು ಇಲ್ಲಿನ ಒಂದು ಸಹಕಾರಿ ಬ್ಯಾಂಕಿನ ಖಾತೆ. ಎಸ್‌ಬಿಐನಲ್ಲಿಯೂ ಒಂದು ಹಳೆಯ ಖಾತೆಯಿದೆ, ಅದನ್ನು ಬಳಸುವುದು ಕಡಿಮೆ.

ಕಾಳಿ ತೀರ, ಕಾರವಾರ
ಸಿಂಗಪುರವೆಂದ ಮೇಲೆ ದಾರಿ ಸುಲಭ. ನಮ್ಮ ಯುಪಿಐ ಮತ್ತು ಅಲ್ಲಿನ ಅಂಥದೇ ವ್ಯವಸ್ಥೆಯಾದ ಪೇನೌ ನಡುವೆ 2023ರ ಫೆಬ್ರುವರಿ 21ರಂದು ಸಂಪರ್ಕ ಏರ್ಪಟ್ಟಿದೆ. ಆದರೆ ಎಲ್ಲ ಬ್ಯಾಂಕ್‌ಗಳ ಖಾತೆಯಿಂದಲೂ, ಎಲ್ಲ ಆ್ಯಪ್‌ಗಳಿಂದಲೂ ಹಣ ಹೊರಗೆ ಹೋಗುವುದಿಲ್ಲ. ಆರಂಭದಲ್ಲಿ ಹಣ ಕಳಿಸುವ ಸೌಲಭ್ಯ ಸಿಕ್ಕಿದ್ದು ಎಸ್‌ಬಿಐ, ಇಂಡಿಯನ್ ಬ್ಯಾಂಕ್, ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಮತ್ತು ಐಸಿಐಸಿಐ ಈ ನಾಲ್ಕರ ಗ್ರಾಹಕರಿಗೆ, ಅದೂ ಆಯಾ ಬ್ಯಾಂಕಿನ ಸ್ವಂತ ಆ್ಯಪ್ ಅಥವಾ ಇಂಟರ್ನೆಟ್ ಬ್ಯಾಂಕಿಂಗ್ ಮೂಲಕ. ನೀವು ನಾಲ್ಕು ದಿನ ಬೆಟ್ಟ ಹತ್ತಿದ್ದು ಸಿಗ್ನಲ್‌ಗಾಗಿ. ಅಡ್ಡ ನಿಂತಿದ್ದು ಖಾತೆ. ಎಸ್‌ಬಿಐ ಖಾತೆಯಿಂದ, ಅದರದೇ ಆ್ಯಪ್‌ನಲ್ಲಿ ಪ್ರಯತ್ನಿಸಿ. ಮಗಳು ತನ್ನ ಮೊಬೈಲ್ ಸಂಖ್ಯೆಯನ್ನು ಪೇನೌನಲ್ಲಿ ನೋಂದಾಯಿಸಿರುವುದು ಖಚಿತವಾಗಲಿ. ದಿನದ ಮಿತಿ 60,000 ರೂಪಾಯಿ, ಎಂದರೆ ಸುಮಾರು 1,000 ಸಿಂಗಪುರ ಡಾಲರ್ ಎಂದು ಆಗ ನಿಗದಿಯಾಗಿತ್ತು.

ದೇವಿಮನೆ, ಕುಮಟಾ
2025ರ ಜುಲೈನಲ್ಲಿ ಇನ್ನೂ 13 ಬ್ಯಾಂಕ್‌ಗಳು ಇದಕ್ಕೆ ಸೇರಿವೆಯಲ್ಲ, ನಾಲ್ಕೇ ಎನ್ನುವುದು ಹಳೆಯ ಮಾತು. ಸಿಗ್ನಲ್ ಸರಿಯಿಲ್ಲದೆ ಎಸ್‌ಬಿಐ ಆ್ಯಪ್ ಕೂಡ ನೋಂದಣಿಯಾಗುವುದಿಲ್ಲ, ಅದನ್ನು ನಾನು ಈಗಲೂ ಹೇಳುತ್ತೇನೆ.

ಕಾಳಿ ತೀರ, ಕಾರವಾರ
ಆ 13 ಸೇರಿದ್ದು ಸಿಂಗಪುರದಿಂದ ಬರುವ ಹಣವನ್ನು ಸ್ವೀಕರಿಸುವುದಕ್ಕೆ. ನೋಂದಣಿಗೆ ಸಿಗ್ನಲ್ ಬೇಕೆಂಬುದು ನಿಜ, ಅದನ್ನು ಪೇಟೆಯಲ್ಲಿ ಮಾಡಿಕೊಳ್ಳಲಿ.

ಶುಲ್ಕದ ವಿಷಯ ಬೇರೆ. ಪೇನೌ ದಾರಿ ಇರುವುದು ಸಂಬಂಧಿಕರ ನಿರ್ವಹಣೆಗೆ ಮತ್ತು ಉಡುಗೊರೆಗೆ, ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿಗೆ. ವಿಶ್ವವಿದ್ಯಾಲಯಕ್ಕೆ ಎಲ್‌ಆರ್‌ಎಸ್ ಎಂಬ, ಹೊರದೇಶಕ್ಕೆ ಹಣ ಕಳಿಸುವ ಯೋಜನೆಯ ಅಡಿಯಲ್ಲಿ ಬ್ಯಾಂಕಿನಿಂದ, ಬ್ಯಾಂಕುಗಳ ನಡುವಿನ ಅಂತರರಾಷ್ಟ್ರೀಯ ಜಾಲವಾದ ಸ್ವಿಫ್ಟ್ ಮೂಲಕವೇ ಕಳಿಸಿ. ಪ್ಯಾನ್ ಮತ್ತು ವಿದೇಶಿ ವಿನಿಮಯದ ಅರ್ಜಿಯಾದ ಎ2 ನಮೂನೆ ಬೇಕು, ಅದರಲ್ಲಿ ಬರೆಯಬೇಕಾದ ಉದ್ದೇಶದ ಸಂಕೇತ ಎಸ್0305. ಸಿಂಗಪುರದಲ್ಲಿ ಐಬಿಎಎನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆ ಇಲ್ಲ. ಖಾತೆ ಸಂಖ್ಯೆಯ ಜೊತೆಗೆ 8 ಅಥವಾ 11 ಅಕ್ಷರಗಳ ಸ್ವಿಫ್ಟ್ ಕೋಡ್ ಕೊಡಬೇಕು. ಖರ್ಚು ಯಾರದೆಂದು ಕೇಳುವ ಕಡೆ ಪೂರ್ತಿ ಕಳಿಸುವವರದೇ ಎಂದು ಗುರುತು ಹಾಕಿ. ಇಲ್ಲವಾದರೆ ನಡುವಿನ ಬ್ಯಾಂಕ್ ತನ್ನ ಪಾಲು ಹಿಡಿದು, ಶುಲ್ಕ ಕೆಲವು ಡಾಲರ್ ಕಡಿಮೆ ಬಿದ್ದು, ಕಟ್ಟಿಲ್ಲವೆಂದೇ ಲೆಕ್ಕವಾಗುತ್ತದೆ. ಮಕ್ಕಳು ಆಗ ಪಡುವ ಕಷ್ಟವನ್ನು ನಾನು ಕೌಂಟರ್‌ನ ಈಚೆಯಿಂದ ಎಷ್ಟೋ ಸಲ ನೋಡಿದ್ದೇನೆ.

ಶರಾವತಿ ದಂಡೆ, ಹೊನ್ನಾವರ
ಟಿಸಿಎಸ್ ಮಾತಿಗೆ ನೀವು ಉತ್ತರಿಸಲಿಲ್ಲ.

ಕಾಳಿ ತೀರ, ಕಾರವಾರ
2025ರ ಏಪ್ರಿಲ್ 1ರಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟುವವರೆಗೆ ಟಿಸಿಎಸ್ ಇಲ್ಲ, ಅದಕ್ಕೆ ಮೊದಲು ಆ ಮಿತಿ 7 ಲಕ್ಷ ಇತ್ತು. 20% ಎಂಬುದು ಓದಿಗೂ ಚಿಕಿತ್ಸೆಗೂ ಅನ್ವಯಿಸುವ ದರವಲ್ಲ. ಹಿಡಿದದ್ದನ್ನೂ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ನಿಮ್ಮ ನೆರೆಯವರು ಕಳಿಸಿದ್ದು ಯಾವ ಉದ್ದೇಶಕ್ಕೆ ಎಂದು ಒಮ್ಮೆ ಕೇಳಿ ನೋಡಿ.

ಸೊಪ್ಪಿನಬೆಟ್ಟ, ಶಿರಸಿ
ಪೇಟೆಯಲ್ಲಿ ನೋಂದಣಿ ಮುಗಿಸಿ, ಹೊಸ ನೋಂದಣಿಯ 24 ಗಂಟೆ ಕಳೆದ ಮೇಲೆ ಇಂದು ಸಂಜೆ 7 ಗಂಟೆಗೆ, ಮೊದಲಿಗೆ ಬರೀ 1,000 ರೂಪಾಯಿ ಕಳಿಸಿದೆ. ಸಂಖ್ಯೆ ಹಾಕಿದ ಕೂಡಲೇ ಮಗಳ ಹೆಸರು ಪರದೆಯ ಮೇಲೆ ಬಂದಿತು. ಅದನ್ನು ಎರಡು ಬಾರಿ ಓದಿಕೊಂಡು ಪಿನ್ ಒತ್ತಿದೆ. ಅಲ್ಲಿ ಆಗ ರಾತ್ರಿ ಒಂಬತ್ತೂವರೆ. ಕೊಡೆ ಮಡಿಸುವುದರೊಳಗೆ 'ಬಂತು ಅಪ್ಪ' ಎಂಬ ಸಂದೇಶ ಬಂದಿತು. ಉಳಿದ 49,000 ಕೂಡ ಹೋಗಿದೆ, ಬಾಡಿಗೆ ಕಟ್ಟಿದ್ದಾಳೆ. ಕಾರವಾರದವರಿಗೆ ಹೇಗೆ ಕೃತಜ್ಞತೆ ಹೇಳಲಿ?

ಶುಲ್ಕದ ಕಾಗದಗಳನ್ನು ಶಾಖೆಯಲ್ಲಿ ಕೊಟ್ಟಿದ್ದೇನೆ. ನಾನು ಬಿಟ್ಟಿದ್ದ ವಿದ್ಯಾರ್ಥಿ ಸಂಖ್ಯೆಯನ್ನು ಅಲ್ಲಿಯ ಅಧಿಕಾರಿ ಗುರುತಿಸಿ ವಾಪಸು ಕೊಟ್ಟರು. ಅದನ್ನು ಮಗಳಿಂದ ತರಿಸಿಕೊಂಡು ಸೋಮವಾರ ಮತ್ತೆ ಹೋಗುತ್ತೇನೆ.