ಸಹಾಯ ಬೇಕು: ಮಿಯಾಟಾ ಕಾರಿನ ಮಡಿಸಿದ ಟಾಪ್‌ಗೆ ಯಾವ ಕವರ್ ಹಾಕಲಿ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಹೋದ ತಿಂಗಳು 1994ರ ಮಾಜ್ಡಾ ಮಿಯಾಟಾ ಕೊಂಡೆ. ಎರಡೇ ಸೀಟು, ಪಾಪ್-ಅಪ್ ಹೆಡ್‌ಲೈಟು, ಹಿಂದಕ್ಕೆ ಮಡಿಸಿಡುವ ಮೆತ್ತನೆಯ ಚಾವಣಿ (ಅದೇ ಟಾಪ್). ಹೆಂಡತಿ ಇದನ್ನು ಆಟದ ಸಾಮಾನು ಅಂತಾಳೆ, ಇರಲಿ.

ಟಾಪ್ ಮಡಿಸಿದ ಮೇಲೆ ಅದರ ಮೇಲೆ ಹಾಕುವ ಕವರ್ ನನ್ನ ಗಾಡಿಯ ಜೊತೆ ಬರಲಿಲ್ಲ. ಆನ್‌ಲೈನ್‌ನಲ್ಲಿ ಒಂದು ಹಳೇ ವಿನೈಲ್ ಕವರ್ ತರಿಸಿದೆ. ಒಂದು ಬದಿಯ ಪ್ರೆಸ್ ಬಟನ್ ಹಾಕಿದರೆ ಇನ್ನೊಂದು ಬದಿ ಬೆರಳಗಲ ಸಾಲದು! ಎಳೆದು ಎಳೆದು ಉಗುರು ಮುರಿದದ್ದೇ ಬಂತು. ಬಿಸಿಲಿಗೆ ಅರ್ಧ ಗಂಟೆ ಹಾಸಿಟ್ಟ ಮೇಲೆ ಸ್ವಲ್ಪ ಮೆತ್ತಗಾಯಿತು, ಆದರೂ ಸಾಲಲಿಲ್ಲ. ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ, ಅದನ್ನು ಚಪ್ಪಟೆಯಾಗಿ ಮಲಗಿಸಿಯೇ ಟಾಪ್ ಇಳಿಸುತ್ತೇನೆ. ಹಾಗಾಗಿ ಮಡಿಕೆ ಉಬ್ಬಿರುವುದು ಕಾರಣ ಅಲ್ಲ ಅನ್ನಿಸುತ್ತೆ. ಕವರೇ ಕುಗ್ಗಿರಬೇಕು, ಅಲ್ವಾ?

ಹೊಸದು ಕೊಳ್ಳುವುದಾದರೆ ವಿನೈಲೋ, ಕ್ಯಾನ್ವಾಸೋ? ನನ್ನ ಗಾಡಿ ಇಡೀ ದಿನ ಬಿಸಿಲಲ್ಲೇ ನಿಲ್ಲುತ್ತದೆ. ಮುಂದೆ ಗಾಜಿನ ಕಿಟಕಿಯ ಟಾಪ್ ಹಾಕಿಸುವ ಆಸೆಯೂ ಇದೆ. ಆಗ ಮಡಿಕೆ ದಪ್ಪವಾಗಿ ಇದೇ ಕವರ್ ಕೂರದೇ ಹೋದರೆ ದುಡ್ಡು ಸುಮ್ನೆ ದಂಡ. ಹಾಗೆ ಬದಲಾಯಿಸಿದವರು ಯಾರಾದರೂ ಇದ್ದೀರಾ? ಬಟನ್ ಇಲ್ಲದ ಕವರ್ ತಂದು, ಕಾರಿನ ಮೇಲೇ ಅಳತೆ ನೋಡಿ ಬಟನ್ ಹೊಡೆಸುವುದು ವಾಸಿಯಾ? ಫೋಟೋ ಇದ್ದರೆ ದಯವಿಟ್ಟು ಹಾಕಿ.